ಹೋಯ್ತು ಅಂದ್ಕೊಂಡ್ರಾ?

ಬೆಂಗಳೂರಿನ ಬೀದಿಗಳಲ್ಲಿ ಬೆಳಗಾದರೆ ಕೇಳಿಬರುವ ಪ್ರಶ್ನೆ ಒಂದೇ: "ಕಾವೇರಿ ಬಂತಾ?" ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಬಂತು, ಸಂಪು ತುಂಬಿತಾ, ಮೂಲೆಮನೆಯವರು ಮೋಟರ್ ಹಾಕಿ ಎಳೆದುಕೊಂಡರಾ? ವಿಚಾರಣೆ ಒಂದಾ ಎರಡಾ! ಅದೇ ಕಾವೇರಿ ಮಧ್ಯಾಹ್ನದ ಹೊತ್ತಿಗೆ ಎಲ್ಲಿಗೆ ಹೋದಳು ಎಂದು ವಿಚಾರಿಸಿದವರನ್ನು ಮಾತ್ರ ನಾನು ಕಂಡಿಲ್ಲ. ಬರುವಾಗ ತಾಯಿ, ಹೋಗುವಾಗ ಮೋರಿ ನೀರು. ಗುಂಡಿ ಒತ್ತಿದೆವು, ಬುರ್ರೆಂದಿತು, ಹೋಯ್ತು. ಎಲ್ಲಿಗೆ ಹೋಯ್ತು ಸ್ವಾಮಿ? ಆ ಪ್ರಶ್ನೆ ಕೇಳುವುದೇ ಅಸಭ್ಯ ಎನ್ನುವ ಹಾಗೆ ಮುಖ ತಿರುಗಿಸುತ್ತೀರಿ. ಸರಿ, ನೀವು ಮುಖ ತಿರುಗಿಸಿಕೊಂಡೇ ಕೂತಿರಿ, ನಾನು ಹೇಳುತ್ತಾ ಹೋಗುತ್ತೇನೆ.

ಅವಳು ಬರುವ ದಾರಿಯ ವೈಭವ ನಮಗೆಲ್ಲ ಬಾಯಿಪಾಠ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ, ಮೂರು ಕಡೆ ನಿಲ್ಲಿಸಿ ಪಂಪು ಮಾಡಿ ಹತ್ತಿಸಬೇಕು. ಮೊದಲ ಹಂತ ಬಂದದ್ದು 1974ರಲ್ಲಿ. ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಭಾಷಣವಾಯಿತು, ಹೂವು ಹಾಕಿ ಬಾಗಿನವನ್ನೂ ಕೊಟ್ಟರು. ಆದರೆ ಎಂಜಿನಿಯರುಗಳ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲು ಇದೆ: ಮನೆಗೆ ಬಂದ ನೂರು ಲೀಟರಿನಲ್ಲಿ ಎಂಬತ್ತು ಲೀಟರ್ ಕೊಳಚೆಯಾಗಿ ಹೊರಗೆ ಹೋಗುತ್ತದೆ. ಅಂದರೆ ಬಂದವಳು ಬಹುಪಾಲು ಹಾಗೇ ಹೊರಟುಹೋಗುತ್ತಾಳೆ. ಆ ಬೀಳ್ಕೊಡುಗೆಗೆ ಯಾವ ಮಂತ್ರಿಯೂ ಬಾಗಿನ ಹಿಡಿದು ನಿಂತದ್ದಿಲ್ಲ.

ಹೋಗುವ ದಾರಿಯ ಗುಟ್ಟು ಒಂದೇ ಮಾತಿನಲ್ಲಿದೆ, ಇಳಿಜಾರು. ಹತ್ತಿಸಲು ಕೋಟಿಗಟ್ಟಲೆ ಕರೆಂಟ್ ಬಿಲ್ಲು ಬೇಕು, ಇಳಿಸಲು ಭೂಮಿತಾಯಿ ಪುಕ್ಕಟೆ ಕೆಲಸ ಮಾಡುತ್ತಾಳೆ. ಹಾಗಂತ ಪೈಪನ್ನು ಸುಮ್ಮನೆ ಕೆಳಮುಖ ಮಾಡಿ ಹೂತರೆ ಆಗಲಿಲ್ಲ. ಹಳೇ ಕೊಳಾಯಿ ಮೇಸ್ತ್ರಿಗಳ ಹತ್ತಿರ ಒಂದು ಸೂತ್ರವಿದೆ: ನಾಲ್ಕಿಂಚಿನ ಪೈಪಿಗೆ ನಲವತ್ತು ಅಡಿಗೆ ಒಂದಡಿ ಇಳಿತ, ಆರಿಂಚಿನ ಪೈಪಿಗೆ ಅರವತ್ತಕ್ಕೆ ಒಂದಡಿ, ಒಂಬತ್ತಿಂಚಿಗೆ ತೊಂಬತ್ತಕ್ಕೆ ಒಂದಡಿ. ಪೈಪು ದಪ್ಪವಾದಷ್ಟೂ ಇಳಿಜಾರು ಕಡಿಮೆ ಸಾಕು. ಬೀದಿ ಲೈನಿನಲ್ಲಿ ನೀರು ಸೆಕೆಂಡಿಗೆ ಸುಮಾರು 0.6 ಮೀಟರಾದರೂ ಓಡಬೇಕು, ಆಗಷ್ಟೇ ಅದು ತನ್ನ ಜೊತೆ ಬಂದ ಮರಳು ಮಣ್ಣನ್ನೂ ತಳ್ಳಿಕೊಂಡು ಹೋಗುತ್ತದೆ. ಅದಕ್ಕಿಂತ ನಿಧಾನವಾದರೆ ಎಲ್ಲ ತಳದಲ್ಲೇ ಕೂತುಬಿಡುತ್ತದೆ. ಗಂಟೆಗೆ ಎರಡು ಕಿಲೋಮೀಟರು ಎಂದಾಯಿತು. ಸಂಜೆ ಹೊತ್ತು ಸಿಲ್ಕ್ ಬೋರ್ಡಿನಲ್ಲಿ ನಿಂತಿದ್ದಾಗ ಯೋಚನೆ ಮಾಡಿ, ನಿಮ್ಮ ಕಾರಿನ ಕೆಳಗಿರುವ ಪೈಪಿನಲ್ಲಿ ಹೋಗುತ್ತಿರುವುದು ನಿಮಗಿಂತ ಮೊದಲು ಊರು ತಲುಪುತ್ತದೆ.

ಮೇಸ್ತ್ರಿಯ ಈ ಇಳಿಜಾರಿಗೆ ನಮ್ಮ ಊರಲ್ಲಿ ಒಬ್ಬನೇ ಶತ್ರು, ವಾಸ್ತು. ಈಶಾನ್ಯ ತಗ್ಗಾಗಿರಬೇಕು, ನೈಋತ್ಯ ಎತ್ತರವಾಗಿರಬೇಕು, ನೀರೆಲ್ಲ ಈಶಾನ್ಯಕ್ಕೆ ಹರಿಯಬೇಕು ಎಂದು ಪಂಡಿತರು ಹೇಳುತ್ತಾರೆ. ಬೀದಿಯ ಮ್ಯಾನ್‌ಹೋಲು ಮಾತ್ರ ನೈಋತ್ಯದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಅದು ಪಂಚಾಂಗ ಓದಿಲ್ಲ. ಮನೆಯ ಯಜಮಾನರು ಮೇಸ್ತ್ರಿಯನ್ನು ಕರೆದು, "ಪೈಪು ಈಶಾನ್ಯದಿಂದಲೇ ಹೋಗಲಿ ಕಣಪ್ಪ" ಎನ್ನುತ್ತಾರೆ. ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ. "ಹೋಗ್ಲಿ ಬಿಡಿ ಸಾರ್, ಮನೇನ ಸುತ್ತಾಡಿಸ್ಕೊಂಡು ಬರ್ತೀನಿ. ಆದ್ರೆ ಅಷ್ಟು ದೂರ ಬಂದ್ರೆ ಲೆವೆಲ್ ಸಿಗಲ್ಲ, ಆಮೇಲೆ ನನ್ನ ಬೈಬೇಡಿ." ಪೈಪು ಮನೆಗೆ ಪ್ರದಕ್ಷಿಣೆ ಹಾಕುತ್ತದೆ. ಒಂದು ವರ್ಷ ತಡೆಯಿರಿ. ಆಮೇಲೆ ಅದೇ ಯಜಮಾನರು ಬಿದಿರಿನ ದಬ್ಬೆ ಹಿಡಿದು ಚೇಂಬರಿನ ಪಕ್ಕ ಕೂತಿರುತ್ತಾರೆ, ಈಶಾನ್ಯ ದಿಕ್ಕಿಗೇ ಮುಖ ಮಾಡಿಕೊಂಡು.

ಈಗ ಮನೆಯೊಳಗೆ ಬನ್ನಿ. ಬಚ್ಚಲಿನ ಜಾಲರಿ ಎತ್ತಿ ನೋಡಿದರೆ ಕೆಳಗೆ ಒಂದಿಷ್ಟು ನೀರು ನಿಂತಿರುತ್ತದೆ. ತೊಳೆಯುವವರು ತೊಳೆದ ಮೇಲೂ ಉಳಿದ ಕೊಳಕು ನೀರು ಎಂದು ಅದನ್ನು ಬೈಯಬೇಡಿ, ಮನೆಯ ಬಾಗಿಲು ಕಾಯುವುದೇ ಅದು. ಪೈಪನ್ನು ಬಗ್ಗಿಸಿ, ಬಗ್ಗಿದಲ್ಲಿ ಎರಡಿಂಚಿನಷ್ಟು ನೀರು ಸದಾ ನಿಲ್ಲುವ ಹಾಗೆ ಮಾಡಿರುವುದನ್ನು ಟ್ರ್ಯಾಪ್ ಅನ್ನುತ್ತಾರೆ. ಬಳಸಿದ ನೀರು ಅದರ ಮೂಲಕ ಆಚೆ ಹೋಗಬಹುದು, ಆಚೆಯ ಗಾಳಿ ಮಾತ್ರ ಈಚೆ ಬರುವಂತಿಲ್ಲ. ಬೀದಿಯ ಸಮಸ್ತ ಸಂಸಾರಗಳ ದುರ್ವಾಸನೆಗೂ ನಿಮ್ಮ ಪೂಜೆಯ ಕೋಣೆಯ ಊದುಬತ್ತಿಗೂ ನಡುವೆ ಇರುವ ಗಡಿ ಇಷ್ಟೇ, ಎರಡಿಂಚು ನೀರು. ಬೇಸಿಗೆ ರಜಕ್ಕೆ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗ ಮನೆಯೆಲ್ಲ ನಾರುತ್ತಿದ್ದರೆ ಇಲಿ ಸತ್ತಿದೆಯೆಂದು ಮಂಚದ ಕೆಳಗೆಲ್ಲ ಹುಡುಕುತ್ತೀರಿ. ಇಲಿ ಸತ್ತಿಲ್ಲ. ಟ್ರ್ಯಾಪಿನ ನೀರು ಆರಿಹೋಗಿದೆ. ಪ್ರತಿ ಬಚ್ಚಲಿಗೂ ಒಂದು ಚೊಂಬು ನೀರು ಹುಯ್ಯಿರಿ, ಸರಿಹೋಗುತ್ತದೆ. ಜಿರಳೆಗಳ ಮೆರವಣಿಗೆಯೂ ನಿಲ್ಲುತ್ತದೆ.

ಇನ್ನು ತಾರಸಿಯ ಮೇಲೆ ಬಾಯಿ ತೆರೆದು ನಿಂತಿರುವ ಆ ಪೈಪು. ಅದು ಗಾಳಿ ಪೈಪು. ಮೇಲಿನ ಮನೆಯವರು ಗುಂಡಿ ಒತ್ತಿದಾಗ ಒಮ್ಮೆಗೇ ನುಗ್ಗುವ ನೀರು ತನ್ನ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಸಿಗದಿದ್ದರೆ ಕೆಳಗಿನ ಮನೆಯ ಟ್ರ್ಯಾಪಿನ ನೀರನ್ನೇ ಹೀರಿಕೊಂಡು ಹೋಗುತ್ತದೆ, ಗುಳುಗುಳು ಎಂದು ಸದ್ದು ಮಾಡಿಕೊಂಡು. ಮನೆ ಕಟ್ಟಿಸುವಾಗ "ಇದ್ಯಾಕೆ ದಂಡಕ್ಕೆ?" ಎಂದು ಈ ಪೈಪಿನ ಖರ್ಚು ಉಳಿಸಿದವರ ಮನೆಯಲ್ಲಿ ನೀವು ಊಟಕ್ಕೆ ಕೂತಾಗ ಆ ಸದ್ದು ಕೇಳಿಸಿದರೆ ಏನೂ ಗೊತ್ತಾಗದವರ ಹಾಗೆ ಇನ್ನೊಂದು ಸೌಟು ಹುಳಿ ಕೇಳಿ ಹಾಕಿಸಿಕೊಳ್ಳಿ.

ಮನೆಯಿಂದ ಆಚೆ ಬಂದರೆ ಮೊದಲು ಸಿಗುವುದು ಚೇಂಬರು, ಆಮೇಲೆ ಬೀದಿಯ ಲೈನು. ಇಲ್ಲಿಗೆ ನಿಮ್ಮ ಖಾಸಗಿ ಜೀವನ ಮುಗಿಯಿತು. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಮಡಿಯೆಂದರೆ ಮಡಿ. ಹಾಲಿನ ಪೊಟ್ಟಣವನ್ನೂ ತೊಳೆದೇ ಒಳಗೆ ತರುತ್ತಾರೆ. ಪಾಪ, ಅವರ ಬಚ್ಚಲ ನೀರು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎದುರುಮನೆಯ ಮೀನು ತೊಳೆದ ನೀರನ್ನೂ ಹಿಂದಿನ ಪಿ.ಜಿ. ಹುಡುಗರ ಸಕಲವನ್ನೂ ಕೂಡಿಕೊಂಡು ಒಂದೇ ಬಳಗವಾಗಿ ಮುಂದೆ ಸಾಗುತ್ತದೆ. ಈ ಊರಿನಲ್ಲಿ ಪಂಕ್ತಿಭೇದವಿಲ್ಲದ ಜಾಗ ಯಾವುದೆಂದು ಯಾರಾದರೂ ಕೇಳಿದರೆ ಕಾಲ ಕೆಳಗೆ ತೋರಿಸಿ. ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಪಾಲು ಬರೀ ನೀರೇ. ಉಳಿದ ಚೂರಿಗಾಗಿಯೇ ಇಷ್ಟೆಲ್ಲ ರಂಪ.

ಎಲ್ಲರದೂ ಒಂದೇ ಲೈನು ಎಂಬ ಸತ್ಯ ಹೊರಬೀಳುವುದು ಅದು ಕಟ್ಟಿಕೊಂಡಾಗ. ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಮ್ಯಾನ್‌ಹೋಲು ಉಕ್ಕಿತು. ಜೆಟ್ಟಿಂಗ್ ಲಾರಿ ಬಂತು. ಬಂದವರು ಮೊದಲು ಯಾವ ಪೈಪನ್ನೂ ಮುಟ್ಟಲಿಲ್ಲ, ಸಾಲಾಗಿ ಮುಚ್ಚಳ ತೆಗೆಸಿ ಇಣುಕುತ್ತಾ ಹೋದರು. ಮೇಲಿನ ಮ್ಯಾನ್‌ಹೋಲು ತುಂಬಿದೆ, ಕೆಳಗಿನದು ಖಾಲಿ. "ಇವೆರಡರ ಮಧ್ಯೆ ಕೂತವ್ನೆ" ಎಂದು ಅವರಲ್ಲಿ ಹಿರಿಯ ತೀರ್ಪು ಕೊಟ್ಟ. ಖಾಲಿ ಇದ್ದ ಕಡೆಯಿಂದ ರಬ್ಬರ್ ಹೋಸನ್ನು ಪೈಪಿಗೆ ಬಿಟ್ಟರು. ಅದರ ಮೂತಿಯಿಂದ ಹಿಂದಕ್ಕೆ ಚಿಮ್ಮುವ ನೀರಿನ ಒತ್ತಡಕ್ಕೇ ಹೋಸು ತಾನಾಗಿ ಮುಂದಕ್ಕೆ ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗುಡುಗಿದ ಸದ್ದು, ಹಿಂದೆಯೇ ಪ್ರವಾಹ. ಕೊಕ್ಕೆಗೆ ಸಿಕ್ಕಿ ಮೇಲೆ ಬಂದದ್ದೇನು? ಡೈಪರುಗಳು, ಪಾತ್ರೆ ತಿಕ್ಕುವ ಕಬ್ಬಿಣದ ನಾರು, ಹಾಲಿನ ಕವರು, ಒಂದು ಸ್ಟೀಲ್ ಚಮಚ. ಇವನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿದ್ದದ್ದು ಗಟ್ಟಿಯಾಗಿ ಬೆಳ್ಳಗಾಗಿದ್ದ ಅಡುಗೆ ಎಣ್ಣೆಯ ಜಿಡ್ಡು.

ಆಗ ನೋಡಬೇಕಿತ್ತು ಬೀದಿಯ ಮುಖಗಳನ್ನು! "ನಮ್ಮನೇದಲ್ಲ" ಎಂದು ಕೇಳದೆಯೇ ಎಲ್ಲರೂ ಹೇಳಿದರು. "ನಮ್ಮನೇಲಿ ಚಿಕ್ಕ ಮಕ್ಕಳೇ ಇಲ್ವಲ್ಲ" ಎಂದು ಒಬ್ಬರು ಹೇಳಿದ್ದೇ ತಡ, ಮೊನ್ನೆ ನಾಮಕರಣವಾದ ಮನೆಯ ಕಡೆಗೆ ಎಲ್ಲರ ಕಣ್ಣೂ ತಿರುಗಿತು. ಆ ಮನೆಯ ಸೊಸೆ ಚಮಚವನ್ನೇ ನೋಡುತ್ತಾ, "ಅದರ ಹಿಂದ್ಗಡೆ ಹೆಸರು ಕೆತ್ತಿರುತ್ತೆ ನೋಡಿ" ಎಂದು ತಣ್ಣಗೆ ಅಂದಳು. ಹಳೇ ಕಾಲದ ಪಾತ್ರೆಗಳಿಗೆ ಹೆಸರು ಕೆತ್ತಿಸುವ ಚಾಳಿ ಯಾರ ಮನೆಯದೆಂದು ಬೀದಿಗೆಲ್ಲ ಗೊತ್ತು. ಮಡಿ ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಲಾರಿಯ ಹಿರಿಯ ಹೋಸು ಸುತ್ತುತ್ತಾ ಹೇಳಿದ: "ಪೈಪಿಗೆ ಬಾಯಿಲ್ಲ ಅಂತ ಎಲ್ರೂ ಧೈರ್ಯವಾಗಿರ್ತಾರೆ ಯಜಮಾನ್ರೇ."

ಅವನ ಮಾತಿನಲ್ಲಿ ಇನ್ನೊಂದು ಸತ್ಯವೂ ಇತ್ತು. ಕಟ್ಟಿಸಿದವನೊಬ್ಬ, ಅನುಭವಿಸುವವನು ಇನ್ನೊಬ್ಬ. ಎಣ್ಣೆ ಸುರಿದವರು ಬೀದಿಯ ಮೇಲ್ತುದಿಯಲ್ಲಿರುತ್ತಾರೆ, ಉಕ್ಕುವುದು ತಗ್ಗಿನಲ್ಲಿರುವವರ ಬಚ್ಚಲಿನಲ್ಲಿ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಒಳಚರಂಡಿಗೆ ಸಲ್ಲುವುದಿಲ್ಲ.

ಹರಟೆಯ ನಡುವೆ ಒಂದು ಮಾತನ್ನು ನಗದೆ ಹೇಳಬೇಕು. ತಗ್ಗಿನವರಿಗಿಂತ ತಗ್ಗಿಗೆ ಇಳಿದವರಿದ್ದಾರೆ. 1898ರ ಪ್ಲೇಗಿನ ಆಸುಪಾಸಿನಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿಂದೆ ಸಣ್ಣ ಗಲ್ಲಿಗಳನ್ನು ಬಿಟ್ಟಿದ್ದರು. ಕನ್ಸರ್ವೆನ್ಸಿ ಎಂಬ ಗಂಭೀರ ಹೆಸರಿನ ಆ ಗಲ್ಲಿಗಳು ಇದ್ದದ್ದು ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಎಂದು. 1922ರ ಹೊತ್ತಿಗೆ ಊರಿಗೆ ಒಳಚರಂಡಿ ಬಂತು, 1950ರ ನಂತರ ಬಡಾವಣೆಗಳಿಗೆಲ್ಲ ಹರಡತೊಡಗಿತು, 1964ರಲ್ಲಿ ಜಲಮಂಡಳಿ ಹುಟ್ಟಿತು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ನಿಲ್ಲಿಸಹೊರಟವರು ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪನವರು. ಹೊರುವುದು ಹೋಯಿತು, ಇಳಿಯುವುದು ಉಳಿಯಿತು. ಮ್ಯಾನ್‌ಹೋಲಿನೊಳಗೆ ಕೊಳೆತ ಮೊಟ್ಟೆಯ ವಾಸನೆಯ ಒಂದು ಗಾಳಿ ಹುಟ್ಟುತ್ತದೆ, ಹೈಡ್ರೋಜನ್ ಸಲ್ಫೈಡ್. ಸ್ವಲ್ಪ ಇದ್ದಾಗ ಮೂಗು ಎಚ್ಚರಿಸುತ್ತದೆ. ಜಾಸ್ತಿಯಾದಾಗ ಮೂಗೇ ಸತ್ತುಹೋಗುತ್ತದೆ, ವಾಸನೆ ಇಲ್ಲವೆಂದು ಇಳಿದವನು ಮೇಲೆ ಬರುವುದಿಲ್ಲ. ಹೀಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಲಾರಿ ಬರುವುದು ಎರಡು ದಿನ ತಡ ಎಂದಾಗ, "ಐನೂರು ಕೊಟ್ರೆ ಇಳಿಯೋರು ಯಾರೂ ಸಿಗಲ್ವಾ?" ಎಂದು ಫೋನು ತಿರುಗಿಸುವ ಸಂಭಾವಿತರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಅವರಿಗೆ ವಾಸ್ತು ಗೊತ್ತಿದೆ, ಕಾನೂನು ಗೊತ್ತಿಲ್ಲ.

ಮಳೆ ಬಂದರೆ ನಮ್ಮ ಜಾಣತನದ ಇನ್ನೊಂದು ಅಧ್ಯಾಯ ತೆರೆಯುತ್ತದೆ. ಬೆಂಗಳೂರಿನಲ್ಲಿ ಮಳೆ ನೀರಿಗೆ ಒಂದು ದಾರಿ, ಕೊಳಚೆಗೆ ಇನ್ನೊಂದು. ಮಳೆ ನೀರು ಬೀದಿ ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗಬೇಕು. ಕೊಳಚೆ ಪೈಪಿನಲ್ಲೇ ಇರಬೇಕು. ನಾವೇನು ಮಾಡಿದ್ದೇವೆ? ತಾರಸಿಯ ನೀರನ್ನು ಹತ್ತಿರವಿದೆಯೆಂದು ಚೇಂಬರಿಗೇ ಬಿಟ್ಟಿದ್ದೇವೆ. ಹಾಗೆ ಬಿಡಬಾರದೆಂದು ಕಾನೂನೇ ಇದೆ, ಇರಲಿ ಬಿಡಿ, ರಾತ್ರಿ ಹೊತ್ತು ಯಾರು ನೋಡುತ್ತಾರೆ! ಸಂಸಾರಗಳ ಲೆಕ್ಕಕ್ಕೆ ಹಾಕಿದ ಪೈಪು ಆಕಾಶದ ಲೆಕ್ಕಕ್ಕೆ ಸಾಲುವುದು ಹೇಗೆ? ಮ್ಯಾನ್‌ಹೋಲಿನ ಮುಚ್ಚಳ ಮೇಲೆದ್ದು ನಾಟ್ಯ ಮಾಡುತ್ತದೆ. ಆ ಮುಚ್ಚಳ ದುಂಡಗಿರುವುದು ಯಾಕೆಂದರೆ ಹೇಗೆ ತಿರುಗಿಸಿದರೂ ಅದು ತನ್ನ ಬಾಯೊಳಗೇ ಬೀಳುವುದಿಲ್ಲ. ಬೀಳುವವರು ನಾವು.

ಈಗ ಊರಿನ ನಕ್ಷೆ ನೋಡಿ. ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಆ ದಿಣ್ಣೆಯಿಂದ ನೀರು ಎರಡು ಕಡೆಗೆ ಜಾರುತ್ತದೆ. ಈ ಜಾರನ್ನೇ ಹಿಡಿದು ನಮ್ಮ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಹಾಗೆ ಕೆರೆಗಳ ಸಾಲು ಕಟ್ಟಿದರು. ಅದೇ ಜಾರಿನಲ್ಲಿ ನಾವು ಕೊಳಚೆ ಪೈಪು ಹೂತೆವು, ಅದೂ ರಾಜಕಾಲುವೆಯ ಮಗ್ಗುಲಲ್ಲೇ, ತಗ್ಗು ಇರುವುದೇ ಅಲ್ಲಿ ನೋಡಿ. ಹಾಗಾಗಿ ಪೈಪು ಒಡೆದರೆ, ಕಟ್ಟಿಕೊಂಡರೆ, ಅಥವಾ ಬಡಾವಣೆಗೆ ಪೈಪೇ ಬಾರದಿದ್ದರೆ ಎಲ್ಲ ನೆಟ್ಟಗೆ ಕೆರೆಗೆ. 2015ರಿಂದೀಚೆಗೆ ಬೆಳ್ಳಂದೂರು ಕೆರೆ ಮತ್ತೆ ಮತ್ತೆ ಹೊತ್ತಿ ಉರಿದು, ನೊರೆ ಕಾರಿ, ರಸ್ತೆಗೆಲ್ಲ ಹಾರಿಸಿತು. ನೀರಿಗೆ ಬೆಂಕಿ ಹಚ್ಚುವ ವಿದ್ಯೆಯನ್ನು ಜಗತ್ತಿಗೆ ತೋರಿಸಿದ ಐ.ಟಿ. ರಾಜಧಾನಿ ನಮ್ಮದು.

ಬಸವನಗುಡಿಯ ಕಡೆಯವರ ನೀರು ವೃಷಭಾವತಿಗೆ. ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಹೆಸರು ಪಡೆದ ಈ ನದಿ ಗಾಳಿ ಆಂಜನೇಯನ ಮಗ್ಗುಲಿನಿಂದ ಹೋಗುತ್ತಾಳೆ. ಮೈಸೂರು ರಸ್ತೆಯಲ್ಲಿ ಅವಳನ್ನು ದಾಟುವಾಗ ಕಾರಿನ ಗಾಜು ಏರಿಸದ ಭಕ್ತರಿಲ್ಲ. ಮುಂದೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನೇ ಸೇರುತ್ತಾಳೆ. ಎಷ್ಟೊಂದು ಖರ್ಚು ಮಾಡಿ ಮೇಲೆ ಕರೆತಂದವಳನ್ನು ಈ ಅವತಾರದಲ್ಲಿ ತವರಿಗೆ ಕಳಿಸುತ್ತೇವೆ. ಇನ್ನು ಕೋರಮಂಗಲ, ಹೆಬ್ಬಾಳದ ಕಡೆಯವರದು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಹೊಸೂರಿನ ಕಡೆಗೆ. ಅಲ್ಲಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯೆದ್ದಾಗ ತಮಿಳುನಾಡಿನವರು ನಮ್ಮ ಕಡೆ ಕೈ ತೋರಿಸುತ್ತಾರೆ. ಟಿಎಂಸಿ ಲೆಕ್ಕ ಹಾಕದೆ, ಬಂದ್ ಮಾಡದೆ, ನ್ಯಾಯಮಂಡಳಿ ಕೇಳದೆ ನಾವು ಅವರಿಗೆ ಧಾರಾಳವಾಗಿ ಬಿಡುತ್ತಿರುವ ನೀರು ಇದೊಂದೇ.

ಎಲ್ಲವೂ ಹೀಗೇ ಹೋಗುತ್ತದೆಂದು ತಿಳಿಯಬೇಡಿ. ಕಣಿವೆಗಳ ತುದಿಯಲ್ಲಿ ಶುದ್ಧೀಕರಣ ಘಟಕಗಳಿವೆ. ಅಲ್ಲಿ ಮೊದಲು ಜಾಲರಿ, ನಮ್ಮ ಚಮಚ, ಡೈಪರುಗಳ ಮೋಕ್ಷ ಅಲ್ಲಿ. ಆಮೇಲೆ ಮರಳು ಕೂರುವ ತೊಟ್ಟಿ. ಆಮೇಲೆ ನಿಜವಾದ ಕೆಲಸಗಾರರು, ಬ್ಯಾಕ್ಟೀರಿಯಾಗಳು. ದೊಡ್ಡ ತೊಟ್ಟಿಯ ತಳದಿಂದ ಬುಸುಬುಸು ಗಾಳಿ ಊದುತ್ತಾರೆ. ಆ ಗಾಳಿ ಕುಡಿದ ಸೂಕ್ಷ್ಮಜೀವಿಗಳು ನಮ್ಮ ಕೊಳೆಯನ್ನು ಮೃಷ್ಟಾನ್ನವೆಂದು ತಿಂದು, ಬೆಳೆದು, ಭಾರವಾಗಿ, ಮುಂದಿನ ತೊಟ್ಟಿಯಲ್ಲಿ ತಳಕ್ಕೆ ಕೂರುತ್ತವೆ. ಮೇಲೆ ನಿಂತ ನೀರು ತಿಳಿ. ತಳದಲ್ಲಿ ಕೂತವರಲ್ಲಿ ಒಂದಿಷ್ಟನ್ನು ಮತ್ತೆ ಗಾಳಿ ಊದುವ ತೊಟ್ಟಿಗೆ ಊಟಕ್ಕೆ ಕರೆಯುತ್ತಾರೆ. ಸಂಬಳ, ಮುಷ್ಕರ, ಬಡ್ತಿ ಏನೂ ಇಲ್ಲ. ಗಾಳಿ ನಿಂತರೆ ಸಾಯುತ್ತವೆ ಅಷ್ಟೆ. ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿರುವ ಎಸ್‌ಟಿಪಿಯ ಕಥೆಯೂ ಇದೇ. ಕರೆಂಟು ಉಳಿಸಲು ಕಮಿಟಿಯವರು ರಾತ್ರಿ ಬ್ಲೋವರ್ ಆಫ್ ಮಾಡಿಸುತ್ತಾರೆ, ಬೆಳಗ್ಗೆ ವಾಟ್ಸಾಪ್ ಗುಂಪಿನಲ್ಲಿ "ಏನೋ ವಾಸನೆ" ಎಂಬ ಚರ್ಚೆ ಶುರುವಾಗುತ್ತದೆ. ಆ ಕಡೆ ಯಾರೋ ಬಾತ್‌ರೂಮು ಫಳಫಳ ಎನ್ನಲೆಂದು ಬಾಟಲಿಗಟ್ಟಲೆ ಆಸಿಡ್ಡು ಸುರಿದಿರುತ್ತಾರೆ. ಕೆಳಗಿನ ಬಡಪಾಯಿಗಳಿಗೆ ವಿಷಪ್ರಾಶನ.

ಹೀಗೆ ತಿಳಿಯಾದ ನೀರು 2018ರಿಂದ ಎಲ್ಲಿಗೆ ಹೋಗುತ್ತಿದೆ ಗೊತ್ತೇ? ಕೋಲಾರಕ್ಕೆ. ಕೋರಮಂಗಲ ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು ಪಂಪು ಮಾಡಿ ಆ ಕಡೆಯ 126 ಕೆರೆಗಳನ್ನು ತುಂಬಿಸುವ ಯೋಜನೆ ಅದು, ಕೆ.ಸಿ. ವ್ಯಾಲಿ. ಒಣಗಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿದವು, ಸುತ್ತಲ ಕೊಳವೆಬಾವಿಗಳಿಗೆ ಜೀವ ಬಂತು. ಶುದ್ಧೀಕರಣ ಎರಡನೇ ಹಂತಕ್ಕೇ ನಿಂತಿದೆ, ಮೂರನೇ ಹಂತವೂ ಬೇಕೆಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ನ್ಯಾಯವಾದ ಮಾತು. ನಾವು ತೊಳೆದು ಕೊಟ್ಟದ್ದು ಎಷ್ಟು ಚೊಕ್ಕಟವೆಂದು ಹೇಳಬೇಕಾದವರು ಬಳಸುವವರೇ ಹೊರತು ಬಿಟ್ಟವರಲ್ಲ.

ಮಾರುಕಟ್ಟೆಯಲ್ಲಿ ಟೊಮೇಟೊ ಕೊಳ್ಳುವಾಗ ಇದನ್ನು ನೆನಪಿಡಿ. "ಕೋಲಾರದ ಹಣ್ಣಾ? ಗಟ್ಟಿ ಇದೆಯಾ?" ಎಂದು ಒತ್ತಿ ಒತ್ತಿ ನೋಡುತ್ತೀರಲ್ಲ, ಅದರ ರಸದಲ್ಲಿ ನಿಮ್ಮ ಮನೆಯದೂ ಒಂದು ಹನಿ ಇರಬಹುದು. ಹೋಯ್ತು ಅಂದುಕೊಂಡದ್ದು ಕೆರೆಗೆ ಇಳಿದು, ನೆಲಕ್ಕೆ ಇಂಗಿ, ಬಾವಿಯಿಂದೆದ್ದು, ಲಾರಿಯೇರಿ ನಿಮ್ಮ ತಟ್ಟೆಯ ಸಾರಾಗಿ ಬರುತ್ತದೆ. ಈ ಊರಿನಲ್ಲಿ 'ಆಚೆ' ಎನ್ನುವ ಜಾಗವೇ ಇಲ್ಲ. ನಿಮ್ಮ ಆಚೆ ಇನ್ನೊಬ್ಬರ ಅಂಗಳ, ಅವರ ಆಚೆ ನಿಮ್ಮ ಅಡುಗೆಮನೆ.

ಹಾಗಾಗಿ ನೀರಿನ ಬಿಲ್ಲಿನಲ್ಲಿ ಸ್ಯಾನಿಟರಿ ಶುಲ್ಕ ಎಂಬ ಸಾಲು ಕಂಡಾಗ, "ಇದಕ್ಕೂ ದುಡ್ಡಾ?" ಎಂದು ಹುಬ್ಬು ಗಂಟಿಕ್ಕಬೇಡಿ. ಕಟ್ಟುವ ಬಿಲ್ಲುಗಳಲ್ಲೆಲ್ಲ ಅತ್ಯಂತ ಅಗ್ಗದ್ದು ಅದೇ. ಬೋಂಡ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವ ಮುಂಚೆ ಬೀದಿಯ ತಗ್ಗಿನಲ್ಲಿ ಯಾರ ಮನೆಯಿದೆ ಎಂದು ಒಮ್ಮೆ ಜ್ಞಾಪಿಸಿಕೊಳ್ಳಿ. ಅವರು ನಿಮಗೆ ಆಗದವರಾದರೂ ಸುರಿಯಬೇಡಿ. ಲಾರಿಯವರು ಕೊಕ್ಕೆ ಹಾಕಿದಾಗ ಯಾರ ಮನೆಯ ಚಮಚ ಮೇಲೆ ಬರುತ್ತದೆಂದು ಹೇಳಲಾಗದು.